ಮಣ್ಣು ಗೊಬ್ಬರಗಳಲ್ಲಿ ರಸಾಯನಕ್ರಿಯೆಯ ಕುರುಹುಗಳು

ಪದಾರ್ಥಗಳು ಮಾರ್ಪಟ್ಟು ಹೊಸ ಪದಾರ್ಥಗಳಾಗುವುದಕ್ಕೆ ರಸಾಯನಕ್ರಿಯೆಯೆಂದು ಹೆಸರು. ಗುಳ್ಳೆ, ಘಾಟು, ಕಾವು, ಬಣ್ಣದ ಮಾರ್ಪಾಟು, ತಳದಲ್ಲಿ ಕೂಡುವ ಗಸಿ, ಇವು ಅದರ ಕುರುಹುಗಳು.

ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಎರೆಹೊಲಗಳಲ್ಲಿ ದೊರೆಯುವ ಸುಣ್ಣದ ಹರಳನ್ನು ಪುಡಿಮಾಡಿ ಅದರ ಮೇಲೆ ನಿಂಬೆಹುಳಿಯನ್ನು ಹಿಂಡಿದರೆ ಗುಳ್ಳೆಗಳೇಳುವುವು. ಸುಣ್ಣವಿರುವುದಕ್ಕೆ ಅದೇ ಸಾಕ್ಷಿ. ಇಂಥ ಹೊಲಕ್ಕೆ ಮತ್ತೆ ಸುಣ್ಣ ಹಾಕುವುದು ವ್ಯರ್ಥವು.

ಅಮೋನಿಯಂ ಸಲ್ಫೇಟ್ ಗೊಬ್ಬರದ 100 ಪಾಲಿನಲ್ಲಿ ಸುಮಾರು 21 ಪಾಲು ಸಾರಜನಕವುಂಟು. ಅದನ್ನು ಸುಣ್ಣ ಅಥವಾ ಬೂದಿಯೊಡನೆ ಬೆರಸಿದರೆ ಮೂಗಿಗೆ ಅಡರುವ ಘಾಟೇಳುವುದು. ಸಾರಜನಕವು ಅಮೋನಿಯ ವಾಯುವಾಗಿ ಹಾರಿಹೋಗುತ್ತಿರುವ ಕುರುಹು ಅದು. ಆದುದರಿಂದ ಇವನ್ನು ಬೆರಸಕೂಡದು. ಸುಣ್ಣವುಳ್ಳ ಎರೆಯಲ್ಲಿ ಮೇಲೆಯೇ ಚೆಲ್ಲಿದ ಗೊಬ್ಬರವೂ ಹೀಗೆ ನಷ್ಟವಾಗುವುದರಿಂದ, ಅದನ್ನು ಹಾಕಿದೊಡನೆ ಮಣ್ಣಿನಿಂದ ಮುಚ್ಚತಕ್ಕದ್ದು.

ಗ್ರಾಮದ ಗೌಡರು ಈ ಪರೀಕ್ಷೆಯನ್ನು ರೈತರ ಸಮಕ್ಷಮದಲ್ಲಿ ಮಾಡಿ ತೋರಿಸುವುದು ಯುಕ್ತವು.