ಮಗಳ ಎದೆಯ ನಳಿಕೆಗೆ ಸೋಂಕು ತಗಲದಂತೆ

ಕೆ.ಆರ್. ಪೇಟೆಯ ತಾಯಿಗೆ,

ಕರುಳಿನ ಬಹುಭಾಗ ಕಳೆದುಕೊಂಡ ಮಗಳಿಗೆ ಎದೆಯ ನಳಿಕೆಯಿಂದ ರಕ್ತನಾಳದ ಮೂಲಕವೇ ಆಹಾರ ಕೊಡುತ್ತಿದ್ದೀರಿ. ನಿಮ್ಮ ಭಯ ಸಹಜವೇ ಅಮ್ಮಾ. ಬಹುಕಾಲ ಇರುವ ನಳಿಕೆಗೆ ಸೋಂಕು ಹೆಚ್ಚಾಗಿ ಹೊಗುವುದು ಹೊರಗಿನ ತುದಿಯಿಂದ, ಅದನ್ನು ಮುಟ್ಟುವ ಕೈಯಿಂದ. ಬಳೆ, ಉಂಗುರ ತೆಗೆದಿಟ್ಟು ಸೋಪಿನಿಂದ ಕೈ ತೊಳೆಯಿರಿ. ತುದಿಯನ್ನು ಸ್ಪಿರಿಟ್ ಸ್ವಾಬ್‌ನಿಂದ ಕನಿಷ್ಠ 15 ಸೆಕೆಂಡು ಬಿಗಿಯಾಗಿ ಉಜ್ಜಿ, ತಾನಾಗಿ ಒಣಗಲು ಬಿಡಿ. ಬಾಯಿಂದ ಊದಬೇಡಿ, ಸೆರಗಿನಿಂದ ಒರೆಸಬೇಡಿ. ತರಬೇತಿ ಪಡೆಯದವರು ಮುಟ್ಟುವುದೇ ಬೇಡ. ಸೋಂಕು ಮರುಕಳಿಸಿದರೆ ಟಾರೊಲಿಡಿನ್ ಲಾಕ್ (ನಳಿಕೆಯೊಳಗೆ ತುಂಬಿಡುವ ಸೋಂಕು ತಡೆಯುವ ದ್ರಾವಣ) ಬಗ್ಗೆ ತಜ್ಞರನ್ನು ಕೇಳಿ.

ಮಗಳನ್ನು ಶ್ರೀರಂಗಪಟ್ಟಣದ ಸಂಗಮದಲ್ಲಿ ಮುಳುಗಿಸುವ ಅಜ್ಜಿಯ ಹರಕೆಯ ಬಗ್ಗೆ ಬರೆದಿದ್ದೀರಿ. ದಯವಿಟ್ಟು ಬೇಡ. ಹೊಳೆ, ನಾಲೆಯ ನೀರು ನಳಿಕೆಗೆ ಸೋಕಲೇಬಾರದು. ಅಜ್ಜಿಯವರು ಹರಕೆಯನ್ನು ತಾವೇ ಮಿಂದು ತೀರಿಸಲಿ.

38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚು ಜ್ವರ, ಇಲ್ಲವೇ ಆಹಾರದ ಡ್ರಿಪ್ ಹಾಕಿದ ಮೇಲೆ ಚಳಿ ನಡುಕ ಬಂದರೆ ಡ್ರಿಪ್ ನಿಲ್ಲಿಸಿ, ನಡುರಾತ್ರಿಯಾದರೂ ಹೊರಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ, ನಾಗಮಂಗಲ ಕಡೆಯ ಬಿ.ಜಿ. ನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ: ಯಾವುದು ಬೇಗ ಸಿಗುತ್ತದೋ ಅಲ್ಲಿಗೆ. ಡ್ರಿಪ್ ನಿಂತಿದೆ, ರಕ್ತದ ಸಕ್ಕರೆ ಅಂಶ ಇಳಿಯಬಹುದು ಎಂದು ಅಲ್ಲಿಯ ವೈದ್ಯರಿಗೆ ಮೊದಲೇ ತಿಳಿಸಿ. ಆಂಟಿಬಯಾಟಿಕ್‌ಗೆ ಮುಂಚೆ ಬ್ಲಡ್ ಕಲ್ಚರ್ ತೆಗೆಯಲು ಕೇಳಿ. ಜ್ವರದ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಮಾತ್ರ ಕಾಯಬೇಡಿ.