ಗಡಿ ದಾಟುವ ಕೋವಿ: ಪರವಾನಗಿಯ ವ್ಯಾಪ್ತಿಯನ್ನು ಕುರಿತು ಸದಸ್ಯರಿಗೊಂದು ಅಧ್ಯಯನ ಪಾಠ



ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯೂ ಸೇರಿದಂತೆ ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗ್ರಾಮಗಳಲ್ಲಿ ಬೆಳೆ ರಕ್ಷಣೆಗಾಗಿಯೋ ಆತ್ಮರಕ್ಷಣೆಗಾಗಿಯೋ ಪರವಾನಗಿ ಪಡೆದು ಕೋವಿ ಇರಿಸಿಕೊಂಡಿರುವ ಕುಟುಂಬಗಳಿವೆ. ಕೊಪ್ಪದ ಬಳಿ ಕಾವೇರಿ ಸೇತುವೆ ದಾಟಿದರೆ ಕೊಡಗು; ಬಾವಲಿ ದಾಟಿದರೆ ಕೇರಳದ ವಯನಾಡು. ಶುಂಠಿ ಬೇಸಾಯಕ್ಕಾಗಿ ವಯನಾಡಿನ ರೈತರು ನಮ್ಮ ತಾಲ್ಲೂಕುಗಳಲ್ಲಿ ಜಮೀನು ಗುತ್ತಿಗೆ ಹಿಡಿಯುತ್ತಾರೆ; ನಮ್ಮ ಗ್ರಾಮಗಳ ಕೂಲಿಕಾರರು ಕೊಡಗಿನ ತೋಟಗಳಿಗೆ ತೆರಳುತ್ತಾರೆ. ಜನರೊಡನೆ ಕೆಲವೊಮ್ಮೆ ಕೋವಿಯೂ ಗಡಿ ದಾಟುತ್ತದೆ. ಹಾಗೆ ದಾಟಿದಾಗ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯದೆ ತೊಂದರೆಗೆ ಸಿಲುಕುವವರು ಬಹುಮಟ್ಟಿಗೆ ಅಪರಾಧಿಗಳಲ್ಲ, ಸಾಮಾನ್ಯ ರೈತರು ಮತ್ತು ಕಾವಲುಗಾರರು. ಆದುದರಿಂದ ಈ ವಿಷಯವನ್ನು ಪಾಠವಾಗಿ ಆರಿಸಿಕೊಳ್ಳಲಾಗಿದೆ.

ಕಾಯ್ದೆ ಒಂದೇ, ವ್ಯಾಪ್ತಿ ಬೇರೆ ಬೇರೆ

ಅಮೆರಿಕದಲ್ಲಿ ಆಯುಧವನ್ನು ಮರೆಯಾಗಿ ಧರಿಸಿ ಓಡಾಡುವ ಪರವಾನಗಿಯನ್ನು ಆಯಾ ರಾಜ್ಯಗಳು ತಮ್ಮ ತಮ್ಮ ಕಾನೂನಿನಂತೆ ನೀಡುತ್ತವೆ. ಒಂದು ರಾಜ್ಯದ ಪರವಾನಗಿಯನ್ನು ಪಕ್ಕದ ರಾಜ್ಯ ಮಾನ್ಯ ಮಾಡಬಹುದು, ಮಾಡದೆಯೂ ಇರಬಹುದು. ನಮ್ಮಲ್ಲಿ ಆ ಗೊಂದಲವಿಲ್ಲ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಇಡೀ ದೇಶಕ್ಕೆ ಅನ್ವಯಿಸುತ್ತವೆ. ಇದರಿಂದಲೇ ಒಂದು ತಪ್ಪು ತಿಳಿವಳಿಕೆ ಹುಟ್ಟಿದೆ. ಕಾಯ್ದೆ ದೇಶಕ್ಕೆಲ್ಲ ಒಂದೇ ಆದ ಮೇಲೆ ಪರವಾನಗಿಯೂ ಎಲ್ಲೆಡೆ ನಡೆಯುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಅದು ಹಾಗಲ್ಲ. ಪ್ರತಿ ಪರವಾನಗಿಯಲ್ಲಿಯೂ ಅದು ಯಾವ ಪ್ರದೇಶಕ್ಕೆ ಮಾನ್ಯ ಎಂಬುದನ್ನು ನಮೂದಿಸುವ ಅಂಕಣವಿರುತ್ತದೆ. ಅಲ್ಲಿ ಜಿಲ್ಲೆಯ ಹೆಸರಿದ್ದರೆ ಆ ಜಿಲ್ಲೆಗೆ, ರಾಜ್ಯದ ಹೆಸರಿದ್ದರೆ ಆ ರಾಜ್ಯಕ್ಕೆ ಮಾತ್ರ ಅದು ಮಾನ್ಯ. ಬೆಳೆ ಮತ್ತು ಜಾನುವಾರುಗಳ ರಕ್ಷಣೆಗೆ ನೀಡುವ ಪರವಾನಗಿಯಂತೂ ಸಾಮಾನ್ಯವಾಗಿ ನಿರ್ದಿಷ್ಟ ಪ್ರದೇಶಕ್ಕೆ ಸೀಮಿತವಾಗಿರುತ್ತದೆ.

ವ್ಯಾಪ್ತಿಯ ಹೊರಗೆ ಒಯ್ಯಬೇಕಾದವರು ಪ್ರಯಾಣಕ್ಕೆ ಮುಂಚಿತವಾಗಿಯೇ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ವ್ಯಾಪ್ತಿ ವಿಸ್ತರಣೆ ಪಡೆಯತಕ್ಕದ್ದು. ನಮ್ಮ ಗ್ರಾಮಗಳಿಗೆ ಈ ಪ್ರಾಧಿಕಾರ ಜಿಲ್ಲಾ ದಂಡಾಧಿಕಾರಿಗಳು. ಮೈಸೂರು ನಗರಕ್ಕಾದರೆ ಪೊಲೀಸ್ ಆಯುಕ್ತರು. ಮಕ್ಕಳ ಮನೆಯಲ್ಲಿರಲೆಂದು ನಗರಕ್ಕೆ ಹೋಗಿ ನೆಲೆಸುವ ಹಿರಿಯರು ಈ ವ್ಯತ್ಯಾಸವನ್ನು ಗಮನಿಸಬೇಕು. ಮೂವತ್ತು ದಿನಗಳಿಗಿಂತ ಹೆಚ್ಚು ಕಾಲ ವಾಸಸ್ಥಳ ಬದಲಿಸಿ ಆಯುಧವನ್ನೂ ಜೊತೆಗೆ ಒಯ್ದವರು, ಬದಲಿಸಿದ ಮೂವತ್ತು ದಿನಗಳೊಳಗೆ ಹಳೆಯ ಮತ್ತು ಹೊಸ ಪ್ರಾಧಿಕಾರಗಳೆರಡಕ್ಕೂ ಲಿಖಿತವಾಗಿ ತಿಳಿಸಬೇಕು.

ಒಯ್ಯುವ ರೀತಿಗೂ ನಿಯಮವುಂಟು. ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿಯಾಗಿ ಮುಚ್ಚಿ, ಒಯ್ಯುವವರ ಹಿಡಿತದಲ್ಲಿಯೇ ಇರುವಂತೆ ಸಾಗಿಸಬೇಕು. ಹೆಗಲಿಗೆ ತೂಗುಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನಿಲ್ಲುವಂತಿಲ್ಲ. ವಿಶೇಷ ಅನುಮತಿಯಿಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ ಮತ್ತು ಶಾಲಾ ಆವರಣಗಳಿಗೆ ಕೋವಿಯೊಡನೆ ಪ್ರವೇಶವಿಲ್ಲ. ಪೊಲೀಸರು ಕೇಳಿದಾಗ ತೋರಿಸಲು ಪರವಾನಗಿ ಆಯುಧದೊಡನೆಯೇ ಇರಬೇಕು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ಒಡ್ಡುವುದು 2019ರ ತಿದ್ದುಪಡಿಯ ನಂತರ ಪ್ರತ್ಯೇಕ ಅಪರಾಧ; ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕೊಡಗಿನ ವಿನಾಯಿತಿ ಮತ್ತು ತೋಟದ ಕಾವಲುಗಾರ

ನಮ್ಮ ನೆರೆಯ ಕೊಡಗಿನ ವಿಚಾರ ವಿಶಿಷ್ಟವಾದುದು. 1861ರಷ್ಟು ಹಿಂದಿನ ಇತಿಹಾಸವಿರುವ ವಿನಾಯಿತಿಯೊಂದರ ಪ್ರಕಾರ ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಹೊಂದಬಹುದು. ಕೇಂದ್ರ ಸರ್ಕಾರ 2019ರಲ್ಲಿ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಕೊಡಗಿನ ಹೊರಗೆ ಪ್ರಯಾಣಿಸುವಾಗ ಅಥವಾ ವಾಸಿಸುವಾಗ ಮಾತ್ರ ಮಿತಿಯುಂಟು: ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ನಯನಳಿಗೆಯ ಕೋವಿ ಮತ್ತು ಅದಕ್ಕೆ 500 ತೋಟಾ. ಪಿರಿಯಾಪಟ್ಟಣದ ಕಡೆ ಜಮೀನುಳ್ಳ ಜಮ್ಮಾ ಹಿಡುವಳಿದಾರರು ವಿನಾಯಿತಿ ಪತ್ರದೊಡನೆ ಈ ಮಿತಿಯೊಳಗೆ ಕೋವಿ ತಂದರೆ ಅದು ಕಾನೂನುಬದ್ಧ. ಅವರನ್ನು ಕಂಡು ಗ್ರಾಮಸ್ಥರು ಗಾಬರಿಯಾಗಬೇಕಿಲ್ಲ.

ಆದರೆ ಈ ವಿನಾಯಿತಿ ವ್ಯಕ್ತಿಗೆ ಸೇರಿದ್ದು, ಕೋವಿಗಲ್ಲ. ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ನಮ್ಮ ಹೋಬಳಿಯ ಯುವಕನೊಬ್ಬ ಕೊಡಗಿನ ತೋಟದಲ್ಲಿ ಕಾವಲಿಗಿದ್ದಾನೆ. ಹಂದಿಯ ಕಾಟವೆಂದು ಮಾಲೀಕರು ತಮ್ಮ ಕೋವಿಯನ್ನು ಅವನ ಕೈಗಿತ್ತು ರಾತ್ರಿ ತೋಟಕ್ಕೆ ಕಳುಹಿಸುತ್ತಾರೆ. ಮಾಲೀಕರಿಗೆ ವಿನಾಯಿತಿ ಇದೆ. ಯುವಕನಿಗೆ ವಿನಾಯಿತಿಯೂ ಇಲ್ಲ, ಪರವಾನಗಿಯೂ ಇಲ್ಲ. ಅವನು ಸಿಕ್ಕಿಬಿದ್ದರೆ 25ನೆಯ ಪ್ರಕರಣದಂತೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗೆ ವಿಸ್ತರಿಸಬಹುದಾದ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗಬಹುದು. ಕೊಟ್ಟವರೂ ಕಾನೂನಿಗೆ ಉತ್ತರ ಹೇಳಬೇಕಾದೀತು. ಆದರೆ ಕೂಲಿ ಕಳೆದುಕೊಂಡು ಜಾಮೀನಿಗೆ ಅಲೆಯಬೇಕಾಗುವುದು ಈ ಯುವಕನ ಮನೆಯವರು, ಅಂದರೆ ತಮ್ಮ ವಾರ್ಡಿನವರೇ. ಗುತ್ತಿಗೆ ಶುಂಠಿ ಹೊಲದ ಕಾವಲಿಗೂ ಇದೇ ಮಾತು ಅನ್ವಯಿಸುತ್ತದೆ. ವಯನಾಡಿನ ಪ್ರದೇಶಕ್ಕೆ ಸೀಮಿತವಾದ ಪರವಾನಗಿಯ ಕೋವಿಯನ್ನು ಇಲ್ಲಿಗೆ ತಂದವರು ಷರತ್ತು ಮೀರಿದಂತಾಗುತ್ತದೆ. ಆರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಅದರ ಮೇಲೆ ಪರವಾನಗಿ ರದ್ದಾಗುವ ಸಂಭವ. ಅದೇ ಕೋವಿಯನ್ನು ಸ್ಥಳೀಯ ಕಾವಲುಗಾರನ ಕೈಗೆ ಕೊಟ್ಟರೆ ಅವನ ಪಾಡು ಮೇಲೆ ಹೇಳಿದ ಯುವಕನದೇ.

ಕಾಡಿನ ದಾರಿ

ವಯನಾಡಿಗೆ ಬಾವಲಿಯ ಮೂಲಕ ಹೋದರೂ ಗುಂಡ್ಲುಪೇಟೆಯ ಮೂಲಕ ಹೋದರೂ ರಸ್ತೆ ಹುಲಿ ಸಂರಕ್ಷಿತ ಪ್ರದೇಶವನ್ನು ಹಾದೇ ಸಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೆಯ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿಯಿಲ್ಲದೆ ಯಾರೂ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯಿಸುತ್ತದೆ. ಅಂದರೆ ಆಯುಧ ಪರವಾನಗಿಯ ವ್ಯಾಪ್ತಿ ಕೇರಳದವರೆಗೆ ವಿಸ್ತರಣೆಯಾಗಿದ್ದರೂ ನಾಗರಹೊಳೆಯ ರಸ್ತೆಗೆ ಅದೊಂದೇ ಸಾಲದು. ಎರಡು ಇಲಾಖೆ, ಎರಡು ಅನುಮತಿ. ರೈತರಿಗೆ ಇದು ಹೊರೆಯೆನಿಸಿದರೂ ಕಳ್ಳಬೇಟೆಯ ಇತಿಹಾಸವುಳ್ಳ ಈ ಕಾಡುಗಳಲ್ಲಿ ಅನಗತ್ಯವೆನ್ನಲಾಗದು.

ಇದಕ್ಕಿಂತ ಕಡಿಮೆ ಪರಿಚಿತವಾದುದು 34ನೆಯ ಪ್ರಕರಣ. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು, ವಿನಾಯಿತಿ ಪಡೆದವರೂ ಸೇರಿ, ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಿರಬೇಕು. ಆ ವಲಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಪರವಾನಗಿ ನೀಡುವಂತಿಲ್ಲ. ನಾಗರಹೊಳೆ, ಬಂಡೀಪುರಗಳಷ್ಟೇ ಅಲ್ಲ, ಹುಣಸೂರು ತಾಲ್ಲೂಕಿನಲ್ಲಿಯೇ ಇರುವ ಅರಬಿತಿಟ್ಟು ವನ್ಯಜೀವಿ ಧಾಮವನ್ನೂ ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅರ್ಜಿ ಏಕೆ ತಡವಾಗುತ್ತಿದೆ ಎಂದು ರೈತರು ಸದಸ್ಯರನ್ನು ಕೇಳಿದಾಗ ಉತ್ತರ ಹಲವೊಮ್ಮೆ ಇಲ್ಲಿಯೇ ಇರುತ್ತದೆ.

ಇನ್ನೊಂದು ಮಾತನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಕೇರಳ ಸರ್ಕಾರ 2022ರಲ್ಲಿ, ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಪರವಾನಗಿ ಪಡೆದ ಕೋವಿದಾರರಿಗೆ ಆದೇಶ ನೀಡುವ ಅಧಿಕಾರವನ್ನು ಅಲ್ಲಿನ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಇದನ್ನು ಕೇಳಿ ನಮ್ಮಲ್ಲಿಯೂ ಅಧ್ಯಕ್ಷರು ಹೇಳಿದರೆ ಸಾಕೆಂದು ಭಾವಿಸುವುದು ಸರಿಯಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗೆ ಅಂತಹ ಅಧಿಕಾರವಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯೂ ಅಲ್ಲ. ಸಭೆಯಲ್ಲಿ ಸದಸ್ಯರು ಆಡಿದ ಮಾತನ್ನು ನಂಬಿ ಒಬ್ಬ ರೈತ ಗುಂಡು ಹಾರಿಸಿದರೆ, ಆ ಮಾತು ನ್ಯಾಯಾಲಯದಲ್ಲಿ ಅವನನ್ನು ಕಾಯುವುದಿಲ್ಲ. ಅರಣ್ಯ ಇಲಾಖೆಗೆ ಲಿಖಿತ ದೂರು ಕೊಡಿಸುವುದು ಮತ್ತು ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿಸುವುದು ತಾವು ಮಾಡಬಹುದಾದ ಕೆಲಸ.

ಮನೆಯಲ್ಲುಳಿದ ಕೋವಿ

ಪರವಾನಗಿದಾರರು ನಿಧನರಾದ ಮೇಲೆ ಅಜ್ಜನ ಕಾಲದ ಕೋವಿ ಅಟ್ಟದಲ್ಲಿ ಉಳಿಯುವುದುಂಟು. ವಾರಸುದಾರರು ಅದನ್ನು ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇರಿಸಿ ರಸೀದಿ ಪಡೆಯಬೇಕು. ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಸಲ್ಲಿಸಬಹುದು. ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಹೊಂದುವಂತಿಲ್ಲವೆಂದು 2019ರ ತಿದ್ದುಪಡಿ ಹೇಳುತ್ತದೆ. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದೆ. ಹಳೆಯ ಪುಸ್ತಕಗಳಲ್ಲಿ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ ಎಂಬುದನ್ನೂ ನೋಡಿಕೊಳ್ಳಲು ತಿಳಿಸಿರಿ. ಚುನಾವಣೆಯ ಕಾಲದಲ್ಲಿ ಠೇವಣಿ ಇರಿಸಿದ ಕೋವಿಯ ರಸೀದಿಯನ್ನು ಪರವಾನಗಿಯ ಜೊತೆಯಲ್ಲಿಯೇ ಕಾಯ್ದಿರಿಸಬೇಕು. ಕೋವಿಯನ್ನು ಮರಳಿ ಪಡೆಯಲು ಅದು ಬೇಕಾಗುತ್ತದೆ.