ಅಮೆರಿಕದಲ್ಲಿ ಅಲ್ಪಕಾಲದ ವಾಸ: ಪ್ರವಾಸಿ, ವಿದ್ಯಾರ್ಥಿ, ತರಬೇತಿಯವರಿಗೆ ತೆರೆದಿರುವ ಮಾರ್ಗಗಳು

ಮಗಳ ಬಾಣಂತನಕ್ಕೆಂದು ಹೊರಟ ತಾಯಿ, ಉನ್ನತ ವ್ಯಾಸಂಗವನ್ನು ಬಯಸಿದ ತರುಣ, ಹೋಟೆಲ್ ನಿರ್ವಹಣೆಯಲ್ಲಿ ಪಳಗಬೇಕೆಂಬ ಪದವೀಧರೆ, ಈ ಮೂವರೂ ಒಂದೇ ವಿಮಾನದಲ್ಲಿ ಅಮೆರಿಕಕ್ಕೆ ತೆರಳಬಹುದಾದರೂ, ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಅವರು ಬೇರೆ ಬೇರೆ ವರ್ಗಗಳಿಗೆ ಸೇರಿದವರು. ಒಬ್ಬರಿಗೆ ಸಲ್ಲುವುದು ಇನ್ನೊಬ್ಬರಿಗೆ ಸಲ್ಲದು. ಆದುದರಿಂದ ಅರ್ಜಿಗೆ ಕೈಹಾಕುವ ಮೊದಲು ಪ್ರಯಾಣದ ಉದ್ದೇಶವನ್ನು ನಿಶ್ಚಯಿಸಿಕೊಳ್ಳುವುದೇ ಪ್ರಥಮ ಕರ್ತವ್ಯ.

ಬಂಧುಗಳ ಭೇಟಿ, ಪ್ರವಾಸ, ಚಿಕಿತ್ಸೆ ಇವುಗಳಿಗೆ ಬಿ-2 ವೀಸಾ. ವ್ಯಾಪಾರದ ಮಾತುಕತೆ, ಸಮ್ಮೇಳನಗಳಿಗೆ ಬಿ-1. ಡಿಎಸ್-160 ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ದೃಢೀಕರಣದ ಪುಟವನ್ನು ಮುದ್ರಿಸಿಕೊಂಡು, ಶುಲ್ಕವನ್ನು ಕಟ್ಟಿ, ಬೆರಳಚ್ಚಿಗೂ ಸಂದರ್ಶನಕ್ಕೂ ದಿನವನ್ನು ಗೊತ್ತುಮಾಡಿಕೊಳ್ಳಬೇಕು. 1952ರ ವಲಸೆ ಕಾಯಿದೆಯ 214(ಬಿ) ವಿಧಿಯು, ಇಂತಹ ಅರ್ಜಿದಾರನು ಅಲ್ಲಿಯೇ ನೆಲೆಸಲು ಬರುವವನೆಂದು ಮೊದಲೇ ಭಾವಿಸಿಕೊಳ್ಳುವುದರಿಂದ, ಹಾಗಲ್ಲವೆಂದು ತೋರಿಸುವ ಭಾರವು ಅರ್ಜಿದಾರನದೇ. ಇಲ್ಲಿಯ ಉದ್ಯೋಗ, ಪಿಂಚಣಿ, ಮನೆ, ಜಮೀನು, ಸಂಸಾರ ಇವೆಲ್ಲವೂ ಆತನಿಗೆ ಆಧಾರಗಳು. ಕೇಳಿದ್ದಕ್ಕೆ ಮಾತ್ರ, ಚಿಕ್ಕದಾಗಿ, ನಿಜವನ್ನೇ ಹೇಳಬೇಕು. ಯಾರೋ ಬಾಯಿಪಾಠ ಮಾಡಿಸಿದ ಉತ್ತರವು ಎಷ್ಟೋ ವೇಳೆ ಕೆಲಸವನ್ನು ಕೆಡಿಸುತ್ತದೆ.

ನಮ್ಮ ಹಿರಿಯರು ತಪ್ಪು ತಿಳಿಯುವುದು ಮುಂದಿನ ಅಂಶದಲ್ಲಿಯೇ. ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷಗಳ ಪ್ರವಾಸಿ ವೀಸಾ ದೊರೆಯುವುದರಿಂದ, ಅಷ್ಟು ಕಾಲ ಅಲ್ಲಿರಬಹುದೆಂಬ ಭ್ರಾಂತಿ ಕೆಲವರಲ್ಲಿದೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಹೆಬ್ಬಾಗಿಲವರೆಗೆ ಬರಲು ಕೊಟ್ಟ ಅಪ್ಪಣೆ ಮಾತ್ರ. ಒಳಗೆ ಎಷ್ಟು ದಿನವಿರಬಹುದೆಂಬುದನ್ನು ವಿಮಾನನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ, ಆ ದಿನಾಂಕವು ಐ-94 ಎಂಬ ದಾಖಲೆಯಲ್ಲಿರುತ್ತದೆ. ಅದು ಬಹುಮಟ್ಟಿಗೆ ಆರು ತಿಂಗಳು. ಇಳಿದ ಒಂದೆರಡು ದಿನಗಳಲ್ಲಿಯೇ ಆ ಪುಟವನ್ನು ಸರ್ಕಾರದ ಜಾಲತಾಣದಿಂದ ತೆಗೆದು, ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ವರ್ಗ, ಕೊನೆಯ ದಿನ ಇವನ್ನು ಒಂದೊಂದಾಗಿ ಹೋಲಿಸಿ ನೋಡತಕ್ಕದ್ದು. ಹೆಚ್ಚು ಕಾಲ ಬೇಕಾದಲ್ಲಿ ಆ ದಿನಕ್ಕೆ ಮುಂಚೆಯೇ, 45 ದಿನಗಳಾದರೂ ಇರುವಾಗ, ಐ-539 ಅರ್ಜಿಯನ್ನು ಸಲ್ಲಿಸುವುದು ಲೇಸು. ಸಂಬಳದ ಯಾವ ಕೆಲಸವೂ ಪ್ರವಾಸಿಗೆ ಸಲ್ಲದು.

ವಿದ್ಯಾರ್ಥಿಯ ಕ್ರಮ ಬೇರೆ. ಮಾನ್ಯತೆ ಪಡೆದ ವಿದ್ಯಾಲಯವು ಪ್ರವೇಶವಿತ್ತು, ಖರ್ಚಿಗೆ ಹಣವಿದೆಯೆಂದು ಮನಗಂಡು ಐ-20 ಪತ್ರವನ್ನು ಕೊಟ್ಟ ಮೇಲೆ, ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕ 350 ಡಾಲರ್ ಕಟ್ಟಿ, ಅನಂತರ ಎಫ್-1 ವೀಸಾಕ್ಕೆ ಅರ್ಜಿ ಹಾಕಬೇಕು. ತರಗತಿಗಳ ಆರಂಭಕ್ಕೆ 30 ದಿನಗಳಿಗಿಂತ ಮೊದಲು ಆ ದೇಶವನ್ನು ಪ್ರವೇಶಿಸುವಂತಿಲ್ಲ. ಪಾಠ ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಳ ಕೆಲಸವುಂಟು. ಹೊರಗಣ ಅಂಗಡಿಯಲ್ಲಿಯೋ ಪೆಟ್ರೋಲ್ ಬಂಕಿನಲ್ಲಿಯೋ ಗುಟ್ಟಾಗಿ ದುಡಿದರೆ ವಿದ್ಯಾರ್ಥಿಯ ಸ್ಥಾನವೇ ಹೋಗುತ್ತದೆ. ವ್ಯಾಸಂಗಕ್ಕೆ ಸಂಬಂಧಿಸಿದ ಪ್ರಾಯೋಗಿಕ ತರಬೇತಿಗೆ 12 ತಿಂಗಳು, ವಿಜ್ಞಾನ, ತಂತ್ರಜ್ಞಾನ, ಗಣಿತದ ಪದವೀಧರರಿಗೆ ಮೇಲೆ 24 ತಿಂಗಳು ದೊರೆಯಬಹುದು. ವಿಷಯಗಳನ್ನು ಕಡಿಮೆ ಮಾಡುವ, ಕಾಲೇಜು ಬದಲಿಸುವ ವಿಚಾರ ಬಂದಾಗ, ಗೆಳೆಯರ ಮಾತಿಗಿಂತ ವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಮೊದಲು ಕೇಳಿರಿ.

ತರಬೇತಿಗೆ ಎರಡು ದಾರಿಗಳಿವೆ. ಜೆ-1ರಲ್ಲಿ ಮಾನ್ಯ ಪ್ರಾಯೋಜಕ ಸಂಸ್ಥೆಯೊಂದು ಡಿಎಸ್-2019 ಪತ್ರವನ್ನೂ, ಕಲಿಸುವ ವಿಷಯಗಳ ಕ್ರಮವನ್ನು ವಿವರಿಸುವ ಡಿಎಸ್-7002 ಯೋಜನೆಯನ್ನೂ ಒದಗಿಸುತ್ತದೆ. ತರಬೇತಿಯವರಿಗೆ ಗರಿಷ್ಠ 18 ತಿಂಗಳು, ಹೋಟೆಲ್ ಉದ್ಯಮದವರಿಗೆ 12. ಪದವಿಯ ಜೊತೆಗೆ ಅಮೆರಿಕದ ಹೊರಗೆ ಗಳಿಸಿದ ಒಂದು ವರ್ಷದ ಅನುಭವವಾಗಲಿ, ಪದವಿಯಿಲ್ಲದಿದ್ದರೆ ಐದು ವರ್ಷಗಳ ಅನುಭವವಾಗಲಿ ಇರಬೇಕು. ಕೆಲವರಿಗೆ, ಮುಗಿಸಿದ ಬಳಿಕ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಕಟ್ಟಳೆ ಅನ್ವಯಿಸುವುದರಿಂದ, ಸಹಿ ಹಾಕುವ ಮುನ್ನವೇ ವಿಚಾರಿಸತಕ್ಕದ್ದು. ಇನ್ನೊಂದು ದಾರಿ ಎಚ್-3. ಸ್ವದೇಶದಲ್ಲಿ ದೊರೆಯದ ತರಬೇತಿಗೆ, ಕಂಪನಿಯೇ ಅರ್ಜಿ ಸಲ್ಲಿಸಿ, ಎರಡು ವರ್ಷಗಳವರೆಗೆ. ಯೋಜನೆಯ ಹೆಸರಿನಲ್ಲಿ ಬರಿಯ ದುಡಿಮೆಯನ್ನೇ ಮಾಡಿಸುವ ಕರೆಗಳಿಗೆ ತರುಣರು ಮರುಳಾಗಬಾರದು.

ಅನುಮತಿಯ ಕಾಲವನ್ನು ಮೀರಿ 180 ದಿನಗಳಿಗಿಂತ ಹೆಚ್ಚು ಅಕ್ರಮವಾಗಿದ್ದು ಹಿಂದಿರುಗಿದವರಿಗೆ ಮೂರು ವರ್ಷ, ಒಂದು ವರ್ಷವೋ ಅದಕ್ಕೂ ಹೆಚ್ಚೋ ಇದ್ದವರಿಗೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಶುಲ್ಕಗಳೂ ನಿಯಮಗಳೂ ಬದಲಾಗುತ್ತಿರುವುದರಿಂದ, ಏಜೆಂಟರಿಗೆ ಹಣ ಕೊಡುವ ಮೊದಲು ಅಮೆರಿಕ ಸರ್ಕಾರದ ಅಧಿಕೃತ ಜಾಲತಾಣವನ್ನು ತಾವೇ ಓದಿಕೊಳ್ಳಿರಿ.